ಕೊಳ್ಳುವವನ ಹೆಸರು



ಪೇಟೆಗೆ ಹೊರಟ ಮಕ್ಕಳಿಗೆ ಮನೆಯ ಹಿರಿಯರು ಹೇಳುವ ಬುದ್ಧಿಮಾತು ಒಂದೇ: "ನೋಡಿ ಕೊಳ್ಳಿರಿ, ಮೋಸಹೋಗಬೇಡಿರಿ." ಈ ಮಾತಿನಲ್ಲಿ ಒಂದು ಊಹೆ ಅಡಗಿದೆ. ಮೋಸ ಮಾಡುವವನು ಮಾರುವವನು, ಮೋಸಹೋಗುವವನು ಕೊಳ್ಳುವವನು ಎಂಬುದೇ ಆ ಊಹೆ. ಗ್ರಾಹಕರ ರಕ್ಷಣೆಗಾಗಿ ನಮ್ಮ ದೇಶದಲ್ಲಿ 1986ರಲ್ಲಿ ಕಾಯಿದೆಯಾಯಿತು. 2019ರಲ್ಲಿ ಅದರ ಸ್ಥಾನದಲ್ಲಿ ಹೊಸ ಕಾಯಿದೆ ಬಂದಿತು. ಅದು ಯುಕ್ತವೇ ಆಗಿದೆ. ಆದರೆ ಮಾರುವವನಿಗೂ ಒಂದು ಭಯವಿದೆ ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಮಾಲು ಕೈಬಿಟ್ಟು ಹೋದ ಮೇಲೆ ಹಣ ಬರುವುದೋ ಇಲ್ಲವೋ? ಬಂದರೂ ಯಾವಾಗ ಬರುವುದು? ಒಪ್ಪಿದ ಬೆಲೆಯೇ ಬರುವುದೋ, ಏನಾದರೊಂದು ಕೊರತೆ ತೆಗೆದು ಮುರಿದುಕೊಳ್ಳುವರೋ? "ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ" ಎಂಬ ಗಾದೆ ಸಾಲ ಕೊಟ್ಟವನಿಗೆ ಹೇಗೋ, ಉದ್ರಿ ಮಾರಿದವನಿಗೂ ಹಾಗೆಯೇ ಸಲ್ಲುತ್ತದೆ.

ಹೊಲದಲ್ಲಿ ಆರು ತಿಂಗಳು ದುಡಿದು, ಬೀಜ ಗೊಬ್ಬರಗಳಿಗೆ ಸಾಲ ಮಾಡಿ, ಬೆಳೆದ ಹತ್ತಿಯನ್ನೋ ಮೆಣಸಿನಕಾಯಿಯನ್ನೋ ಗಾಡಿಗೆ ಹೇರಿಕೊಂಡು ಬರುವ ಒಕ್ಕಲಿಗನಿಗೆ ಈ ಭಯ ಅತಿ ದೊಡ್ಡದು. ಕೊಳ್ಳುವವನು ಅದೇ ದಿನ ಇನ್ನೂ ಹತ್ತು ಕಡೆ ಕೊಂಡಿರುತ್ತಾನೆ. ಒಂದು ವ್ಯವಹಾರ ಕೆಟ್ಟರೆ ಅವನಿಗೆ ಹೆಚ್ಚಿನ ಹಾನಿಯಿಲ್ಲ. ಮಾರುವವನಿಗೆ ಅದೊಂದೇ ವ್ಯವಹಾರ, ಅದೇ ಅವನ ವರ್ಷ. ಮಗಳ ಮದುವೆ, ಮಗನ ಶಾಲೆಯ ಶುಲ್ಕ, ಸೊಸೈಟಿಯ ಸಾಲ ಎಲ್ಲವೂ ಆ ಒಂದು ಪಟ್ಟಿಯ ಹಣವನ್ನೇ ಕಾದು ಕುಳಿತಿರುತ್ತವೆ. ಆದುದರಿಂದ ಕೊಳ್ಳುವವನನ್ನು ಅರಿಯುವುದು ಹೇಗೆ ಎಂಬ ಪ್ರಶ್ನೆ ವ್ಯಾಪಾರದಷ್ಟೇ ಹಳೆಯದು. ಅದನ್ನು ನಮ್ಮ ಹುಬ್ಬಳ್ಳಿ ಪೇಟೆ ಒಂದು ರೀತಿಯಲ್ಲಿ ಬಿಡಿಸಿತು. ದೂರದ ಅಮೆರಿಕದಲ್ಲಿ ಹುಟ್ಟಿದ ಕಂಪ್ಯೂಟರ್ ಪೇಟೆ ಇನ್ನೊಂದು ರೀತಿಯಲ್ಲಿ ಬಿಡಿಸಲು ಯತ್ನಿಸಿತು. ಎರಡನ್ನೂ ಅಕ್ಕಪಕ್ಕದಲ್ಲಿರಿಸಿ ನೋಡಿದರೆ ನಮ್ಮ ಮನೆಗಳಿಗೆ ಬೇಕಾದ ಕೆಲವು ಮಾತುಗಳು ದೊರೆಯುತ್ತವೆ.

ಹುಬ್ಬಳ್ಳಿ-ಧಾರವಾಡ ಪ್ರಾಂತದ ಹತ್ತಿಗೆ ಹತ್ತೊಂಬತ್ತನೆಯ ಶತಮಾನದಿಂದಲೂ ಹೆಸರಿದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳು ಹತ್ತಿಗಾಗಿ ನಮ್ಮತ್ತ ತಿರುಗಿದವು, ದರ ಏರಿತು. ದರ ಏರಿದೊಡನೆ ಕಲಬೆರಕೆಯೂ ಏರಿತು. ಅದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಹತ್ತಿಯ ಮೋಸದ ವಿರುದ್ಧ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಮಾರುವವರೆಲ್ಲ ಸತ್ಯವಂತರು, ಕೊಳ್ಳುವವರೆಲ್ಲ ವಂಚಕರು ಎಂದು ಈ ಲೇಖನದ ಭಾವವಲ್ಲ ಎಂಬುದಕ್ಕಾಗಿ ಈ ಮಾತನ್ನು ಮೊದಲೇ ಹೇಳಿದ್ದೇನೆ.

ಅಂಥ ಪೇಟೆಯಲ್ಲಿ ಹಳ್ಳಿಯ ರೈತನು ಮುಂಬಯಿಯ ಗಿರಣಿಯ ಪರವಾಗಿ ಕೊಳ್ಳಲು ಬಂದ ಖರೀದಿದಾರನನ್ನು ಅರಿಯುವುದಾದರೂ ಹೇಗೆ? ಅವನು ಅರಿಯುತ್ತಿರಲಿಲ್ಲ. ಅವನ ಪರವಾಗಿ ಅಡತಿ ಅಂಗಡಿಯವರು ಅರಿಯುತ್ತಿದ್ದರು. ರೈತನ ಮಾಲು ಅಡತಿ ಅಂಗಡಿಯ ಕಟ್ಟೆಗೆ ಬರುತ್ತಿತ್ತು. ಅಡತಿಯವರು ಖರೀದಿದಾರರಿಗೆ ತೋರಿಸಿ, ದರ ಮುರಿದು, ತೂಗಿಸಿ, ರೈತನಿಗೆ ಪಟ್ಟಿ ಮಾಡಿ ಹಣ ಎಣಿಸುತ್ತಿದ್ದರು. ಖರೀದಿದಾರನಿಂದ ಹಣ ಬರುವುದು ಎಂಟು ದಿನಕ್ಕೋ ಹದಿನೈದು ದಿನಕ್ಕೋ. ನಡುವಿನ ಅಪಾಯ ಅಡತಿಯವರದು. ಹೀಗಾಗಿ ಯಾವ ಖರೀದಿದಾರನಿಗೆ ಮಾಲು ಬಿಡಬೇಕು, ಯಾರಿಗೆ ಬಿಡಬಾರದು ಎಂಬ ವಿವೇಕವು ಅವರಿಗೆ ಅನ್ನದ ಪ್ರಶ್ನೆಯಾಗಿತ್ತು. ಇದರಲ್ಲಿ ದೋಷಗಳೂ ಇದ್ದವು. ಬಟ್ಟೆಯ ಕೆಳಗೆ ಕೈ ಹಿಡಿದು ಬೆರಳುಗಳ ಸಂಜ್ಞೆಯಿಂದ ದರ ಹೇಳುವ ಪದ್ಧತಿಯಲ್ಲಿ ರೈತನಿಗೆ ತನ್ನ ಮಾಲಿನ ದರವೇ ತಿಳಿಯುತ್ತಿರಲಿಲ್ಲ. ಮುಂಬಯಿ ಪ್ರಾಂತದಲ್ಲಿ 1939ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ, ಕರ್ನಾಟಕದಲ್ಲಿ 1966ರ ಕಾಯಿದೆ ಇವು ಬಂದುದು ಇಂಥ ದೋಷಗಳನ್ನು ನೀಗುವುದಕ್ಕಾಗಿಯೇ. ಇವುಗಳಿಂದ ಬಹಿರಂಗ ಸವಾಲು ಬಂದಿತು, ಅಡತಿಯವರಿಗೂ ಖರೀದಿದಾರರಿಗೂ ಪರವಾನಗಿ ಬಂದಿತು.

ನಾನು ಮಠದ ಪ್ರಸಾದ ನಿಲಯದಲ್ಲಿದ್ದುಕೊಂಡು ಓದುತ್ತಿದ್ದ ಕಾಲದಲ್ಲಿ ದಾಸೋಹಕ್ಕೆ ಧಾನ್ಯ ತರಲು ಹಿರಿಯರೊಡನೆ ಪೇಟೆಗೆ ಹೋಗುತ್ತಿದ್ದೆನು. ಅಲ್ಲಿ ಒಬ್ಬ ವೃದ್ಧ ಗುಮಾಸ್ತರು ಗಾದಿಯ ಮೇಲೆ ಕುಳಿತು ಕಿರ್ದಿ ಬರೆಯುತ್ತಿದ್ದರು. ಯಾವನಾದರೂ ವ್ಯಾಪಾರಿಯ ಬಗೆಗೆ ಪಕ್ಕದ ಅಂಗಡಿಯವರು ಬಂದು ವಿಚಾರಿಸಿದರೆ ಅವರು ಎಂದೂ ನಿಂದೆಯ ಮಾತನ್ನಾಡುತ್ತಿರಲಿಲ್ಲ. ಒಳ್ಳೆಯವನಾಗಿದ್ದರೆ "ಅವರದು ಬಹಳ ಚಲೋ ಖಾತೆ" ಎನ್ನುವರು. ಇಲ್ಲದಿದ್ದರೆ ತಲೆಯೆತ್ತದೆ "ಅವರದು ರೋಖ" ಎನ್ನುವರು. ಕೇಳಿದವರು ಮರುಮಾತನಾಡದೆ ಎದ್ದುಹೋಗುವರು. ಹಣ ಮುಂದಿಟ್ಟರೆ ಮಾಲು ಕೊಡಿರಿ, ಉದ್ರಿ ಬೇಡ ಎಂಬುದು ಆ ಎರಡು ಮಾತುಗಳ ಅರ್ಥ. ಒಬ್ಬ ಮನುಷ್ಯನ ಹತ್ತು ವರ್ಷಗಳ ನಡತೆಯ ಸಾರವನ್ನು ಎರಡು ಶಬ್ದಗಳಲ್ಲಿ ಹೇಳಿ, ಅವನ ಮಾನವನ್ನೂ ಕಾಯುವ ಆ ಪರಿಗೆ ನಾನು ಈಗಲೂ ತಲೆದೂಗುತ್ತೇನೆ.

ಇನ್ನು ಕಂಪ್ಯೂಟರ್ ಪೇಟೆಯತ್ತ ಬರೋಣ. 1995ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಎಂಬ ತರುಣನು ಒಂದು ಆನ್‌ಲೈನ್ ಹರಾಜನ್ನು ಆರಂಭಿಸಿದನು. ಅದೇ ಮುಂದೆ ಈಬೇ ಎಂದು ಜಗತ್ಪ್ರಸಿದ್ಧವಾಯಿತು. ಯಾರು ಬೇಕಾದರೂ ಮಾರಬಹುದು, ಯಾರು ಬೇಕಾದರೂ ಸವಾಲು ಕೂಗಬಹುದು. ಒಬ್ಬರ ಮುಖ ಒಬ್ಬರಿಗೆ ಕಾಣದು. ಅಲ್ಲಿ ಅಡತಿ ಅಂಗಡಿಯೂ ಇಲ್ಲ, ಗುಮಾಸ್ತರೂ ಇಲ್ಲ. ಆದುದರಿಂದ 1996ರಲ್ಲಿ ಒಂದು ಏರ್ಪಾಟನ್ನು ಮಾಡಿದರು. ವ್ಯವಹಾರ ಮುಗಿದ ಮೇಲೆ ಕೊಂಡವನು ಮಾರಿದವನನ್ನು ಕುರಿತು, ಮಾರಿದವನು ಕೊಂಡವನನ್ನು ಕುರಿತು ಅಭಿಪ್ರಾಯ ಬರೆಯುವುದು. ಒಳ್ಳೆಯದಾದರೆ ಒಂದು ಅಂಕ ಕೂಡುವುದು, ಕೆಟ್ಟದ್ದಾದರೆ ಒಂದು ಕಳೆಯುವುದು, ನಡುವಣದ್ದಾದರೆ ಸೊನ್ನೆ. ಹತ್ತು ಅಂಕಗಳಾದರೆ ಹೆಸರಿನ ಮುಂದೆ ಒಂದು ಹಳದಿ ನಕ್ಷತ್ರ. ಹೀಗೆ ಗುಮಾಸ್ತರ ಕಿರ್ದಿಯನ್ನು ಬೀದಿಯಲ್ಲಿ ತೆರೆದಿಟ್ಟಂತಾಯಿತು.

ಅಲ್ಲಿನ ಅನುಭವಸ್ಥ ಮಾರಾಟಗಾರರು ಈ ಕಿರ್ದಿಯನ್ನು ಓದುತ್ತಿದ್ದ ರೀತಿ ಗಮನಾರ್ಹವಾದುದು. ಅವರು ಮೊತ್ತದ ಅಂಕವನ್ನಷ್ಟೇ ನೋಡಿ ತೃಪ್ತರಾಗುತ್ತಿರಲಿಲ್ಲ. ಸವಾಲು ಕೂಗಿದವನು ಎಷ್ಟು ಕಾಲದಿಂದ ಪೇಟೆಯಲ್ಲಿದ್ದಾನೆ? ಅವನ ಹೊಗಳಿಕೆಗಳು ಹಳೆಯವೋ ಈಚಿನವೋ? ಸವಾಲು ಕೂಗಿ ಹಿಂದಕ್ಕೆ ತೆಗೆದುಕೊಂಡ ಪ್ರಸಂಗಗಳೆಷ್ಟು? ಇವನ್ನೆಲ್ಲ ನೋಡುತ್ತಿದ್ದರು. ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಇನ್ನೊಂದು. ಆ ಮನುಷ್ಯನ ಬಗೆಗೆ ಇತರರು ಏನು ಬರೆದಿದ್ದಾರೆ ಎಂಬುದರ ಜೊತೆಗೆ, ಅವನು ಇತರರ ಬಗೆಗೆ ಏನು ಬರೆದಿದ್ದಾನೆ ಎಂಬುದನ್ನೂ ತೆಗೆದು ಓದುತ್ತಿದ್ದರು. ಕೊಂಡ ಕಡೆಯಲ್ಲೆಲ್ಲ ದೋಷವನ್ನೇ ಕಂಡವನು ನಾಳೆ ನಮ್ಮಲ್ಲಿಯೂ ದೋಷವನ್ನೇ ಕಾಣುವನಲ್ಲವೆ? ಮನುಷ್ಯನ ಗುಣವು ಅವನಿಗೆ ಬಂದ ಹೊಗಳಿಕೆಗಿಂತ ಅವನು ಆಡಿದ ಮಾತಿನಲ್ಲಿಯೇ ಹೆಚ್ಚು ತೋರುತ್ತದೆ ಎಂಬ ಸತ್ಯವನ್ನು ಆ ವ್ಯಾಪಾರಿಗಳು ತಾವಾಗಿಯೇ ಕಂಡುಕೊಂಡಿದ್ದರು. ಅಂಕವೇ ಇಲ್ಲದ ಹೊಸಬನು ಬೆಲೆಬಾಳುವ ವಸ್ತುವಿಗೆ ಸವಾಲು ಕೂಗಿದರೆ ಕೆಲವರು "ಮೊದಲು ನಮಗೆ ಬರೆದು ತಿಳಿಸಿರಿ, ಇಲ್ಲದಿದ್ದರೆ ಸವಾಲನ್ನು ರದ್ದುಮಾಡುತ್ತೇವೆ" ಎಂದು ಮೊದಲೇ ಪ್ರಕಟಿಸುತ್ತಿದ್ದರು.

ಆದರೆ ಈ ತೆರೆದ ಕಿರ್ದಿಗೆ ಒಂದು ರೋಗ ಅಂಟಿತು. ಅದರ ಹೆಸರು ಭಯ. ಪಾಲ್ ರೆಸ್ನಿಕ್ ಮತ್ತು ರಿಚರ್ಡ್ ಝೆಕ್‌ಹೌಸರ್ ಎಂಬ ವಿದ್ವಾಂಸರು 1999ರ ವ್ಯವಹಾರಗಳನ್ನು ಪರೀಕ್ಷಿಸಿದಾಗ, ಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನ ಅಭಿಪ್ರಾಯ ಬರೆದಿದ್ದರು. ಬರೆದ ಅಭಿಪ್ರಾಯಗಳಲ್ಲಿ ನೂರಕ್ಕೆ 99ರಷ್ಟು ಹೊಗಳಿಕೆಯೇ ಆಗಿದ್ದವು. ಪೇಟೆಯ ಜನರೆಲ್ಲ ಅಷ್ಟು ಸಜ್ಜನರೆ? ನಾನು ಕೆಟ್ಟದ್ದು ಬರೆದರೆ ಅವನೂ ನನ್ನ ಮೇಲೆ ಕೆಟ್ಟದ್ದು ಬರೆದಾನು ಎಂಬ ಅಂಜಿಕೆಯೂ ಇದಕ್ಕೊಂದು ಕಾರಣ. ಕೊಂಡವನು ಮೊದಲು ಏನು ಬರೆಯುವನೋ ನೋಡಿ, ಅದಕ್ಕೆ ತಕ್ಕ ಉತ್ತರ ಬರೆಯಲು ಕೆಲವು ಮಾರಾಟಗಾರರು ಕಾದು ಕುಳಿತಿರುತ್ತಿದ್ದರು. ಕೊನೆಗೆ 2008ರಲ್ಲಿ ಆ ಸಂಸ್ಥೆಯು ನಿಯಮವನ್ನು ಬದಲಿಸಿತು. ಅಂದಿನಿಂದ ಮಾರಿದವನು ಕೊಂಡವನ ಮೇಲೆ ಒಳ್ಳೆಯ ಅಭಿಪ್ರಾಯವನ್ನು ಬರೆಯಬಹುದು, ಇಲ್ಲವೆ ಸುಮ್ಮನಿರಬಹುದು, ಕೆಟ್ಟದ್ದನ್ನು ಬರೆಯುವಂತಿಲ್ಲ. ಕೊಳ್ಳುವವನ ಅಂಕಗಳನ್ನು ನೋಡಿ ಅವನನ್ನು ಅಳೆಯುವ ದಾರಿ ಅಲ್ಲಿಗೆ ಬಹುಮಟ್ಟಿಗೆ ಮುಚ್ಚಿತು. ಅದರ ಬದಲು ಮಾರುವವನ ಕೈಗೆ ಬೇರೆ ಸಾಧನಗಳು ಉಳಿದವು. ಹಣ ಕೊಡದೆ ಬಿಟ್ಟ ದಾಖಲೆಯುಳ್ಳವರು ಸವಾಲು ಕೂಗದಂತೆ ತಡೆಯುವುದು ಒಂದು, ತನಗೆ ಬೇಡವಾದವರ ಪಟ್ಟಿಯೊಂದನ್ನು ಮಾಡಿ ಅವರನ್ನು ದೂರವಿಡುವುದು ಇನ್ನೊಂದು.

ನಮ್ಮ ಗುಮಾಸ್ತರಿಗೂ ಈ ವ್ಯವಸ್ಥೆಗೂ ಇರುವ ಅಂತರವನ್ನು ಗಮನಿಸಿರಿ. ಬಹಿರಂಗವಾಗಿ ಬರೆಯಬೇಕಾದಾಗ ಜನರು ಸುಳ್ಳು ಹೊಗಳಿಕೆಗೆ ಇಳಿದರು. ಗುಮಾಸ್ತರು ಒಬ್ಬರ ಕಿವಿಯಲ್ಲಿ ಹೇಳುತ್ತಿದ್ದುದರಿಂದ ಸತ್ಯ ಹೇಳಬಲ್ಲವರಾಗಿದ್ದರು. ಆದರೆ ಅವರ ಮಾತು ತಪ್ಪಾಗಿದ್ದರೆ, ಆ ವ್ಯಾಪಾರಿಗೆ ಅದನ್ನು ಅಲ್ಲಗಳೆಯುವ ಅವಕಾಶವೇ ಇರಲಿಲ್ಲ. ತೆರೆದ ಕಿರ್ದಿಯಲ್ಲಿ ಭಯವಿದೆ, ಮುಚ್ಚಿದ ಕಿರ್ದಿಯಲ್ಲಿ ಅನ್ಯಾಯದ ಸಂಭವವಿದೆ.

ಭಾರತದಲ್ಲಿ ಇಂಥ ಆನ್‌ಲೈನ್ ಹರಾಜನ್ನು 2000ದಲ್ಲಿ ಬಾಜೀ ಎಂಬ ಸಂಸ್ಥೆ ಆರಂಭಿಸಿತು. 2004ರಲ್ಲಿ ಈಬೇ ಅದನ್ನು ಕೊಂಡುಕೊಂಡಿತು. 2017ರಲ್ಲಿ ಅದರ ಇಲ್ಲಿನ ವ್ಯವಹಾರ ಫ್ಲಿಪ್‌ಕಾರ್ಟಿನ ಕೈಗೆ ಹೋಗಿ, 2018ರ ಆಗಸ್ಟ್‌ನಲ್ಲಿ ಮುಚ್ಚಿತು. ಆದರೆ ಆನ್‌ಲೈನ್ ಹರಾಜು ನಮ್ಮಲ್ಲಿ ಸಾಯಲಿಲ್ಲ. ಅದು ಮಾರುಕಟ್ಟೆಯ ಅಂಗಳಕ್ಕೇ ಬಂದಿತು. 2014ರಲ್ಲಿ ಕರ್ನಾಟಕ ಸರ್ಕಾರವು ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು; 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರದ ರಾಷ್ಟ್ರೀಯ ಕೃಷಿ ಮಾರುಕಟ್ಟೆ, ಅಂದರೆ ಇ-ನಾಮ್ ಉದ್ಘಾಟನೆಯಾಯಿತು. ಹುಬ್ಬಳ್ಳಿಯ ಅಮರಗೋಳದ ಪ್ರಾಂಗಣವಿರಲಿ, ಮೆಣಸಿನಕಾಯಿಗೆ ಪ್ರಸಿದ್ಧವಾದ ಬ್ಯಾಡಗಿಯಿರಲಿ, ಈಗ ರೈತನ ಮಾಲಿಗೆ ಲಾಟ್ ಸಂಖ್ಯೆ ಬೀಳುತ್ತದೆ. ಖರೀದಿದಾರರು ಮಾಲನ್ನು ನೋಡಿ ತಮ್ಮ ದರವನ್ನು ಕಂಪ್ಯೂಟರಿನಲ್ಲಿ ನಮೂದಿಸುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ತಿಳಿಯದು. ನಿಗದಿತ ಸಮಯಕ್ಕೆ ಹೆಚ್ಚಿನ ದರ ಪ್ರಕಟವಾಗುತ್ತದೆ. ಒಪ್ಪಿಗೆಯಾಗದಿದ್ದರೆ ರೈತನು ಬೇಡವೆನ್ನಬಹುದು. ಬಟ್ಟೆಯ ಕೆಳಗಿನ ಬೆರಳಿನಿಂದ ಇಲ್ಲಿಯವರೆಗೆ ಬಂದುದು ಸಣ್ಣ ದಾರಿಯಲ್ಲ.

ಆದರೆ ಇಲ್ಲಿ ರೈತನಿಗೆ ಕಾಣುವುದು ದರ, ಕೊಳ್ಳುವವನ ನಡತೆಯಲ್ಲ. ನಕ್ಷತ್ರಗಳಿಲ್ಲ, ಅಭಿಪ್ರಾಯಗಳಿಲ್ಲ. ಕೊಳ್ಳುವವನನ್ನು ಶೋಧಿಸುವ ಕೆಲಸವನ್ನು ಕಾಯಿದೆಯು ಪರವಾನಗಿಯ ಮೂಲಕ ಮಾಡುತ್ತದೆ. ಉಳಿದುದನ್ನು ಇಂದಿಗೂ ಅಡತಿ ಅಂಗಡಿಯವರೇ ಮಾಡುತ್ತಾರೆ. ದೇಶದ ಯಾವ ಮೂಲೆಯಿಂದಲಾದರೂ ಕೊಳ್ಳಬಹುದು ಎಂಬ ಆಶಯದಿಂದ ಕಟ್ಟಿದ ವೇದಿಕೆಯಲ್ಲಿ ದೂರದ ಮಾರುಕಟ್ಟೆಗಳ ನಡುವಣ ವ್ಯಾಪಾರ ಇನ್ನೂ ಸ್ವಲ್ಪವೇ ಆಗಿರುವುದಕ್ಕೆ ಸಾಗಾಣಿಕೆ, ಗುಣಪರೀಕ್ಷೆ ಮೊದಲಾದ ಕಾರಣಗಳಿವೆ. ಆದರೆ ಮುಖ ಕಾಣದ ಕೊಳ್ಳುವವನ ಮೇಲೆ ಭರವಸೆ ಹುಟ್ಟದಿರುವುದೂ ಒಂದು ಕಾರಣವೆಂದು ನನಗೆ ತೋರುತ್ತದೆ. ತಂತಿಯ ಮೇಲೆ ದರ ಬೇಗ ಬರುತ್ತದೆ. ನಂಬಿಕೆ ಬರಲು ತಡವಾಗುತ್ತದೆ.

ಈಗ ಮನೆಯ ಮಾತಿಗೆ ಬರೋಣ. ಇಂದು ನಮ್ಮ ಮನೆಗಳೇ ಮಾರಾಟದ ಅಂಗಡಿಗಳಾಗಿವೆ. ಹಳೆಯ ಕಪಾಟು, ಹೊಲಿಗೆ ಯಂತ್ರ, ಮಗನ ಸೈಕಲ್ಲು ಇವನ್ನು ಮೊಬೈಲಿನಲ್ಲಿ ಚಿತ್ರ ಹಾಕಿ ಮಾರುತ್ತೇವೆ. ತಾಯಂದಿರು ಗುಳೇದಗುಡ್ಡದ ಖಣ, ಇಳಕಲ್ಲ ಸೀರೆ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಇವನ್ನು ಪರಸ್ಥಳದವರಿಗೆ ಕಳಿಸುತ್ತಾರೆ. ಇಲ್ಲಿ ಮೋಸಗಾರನು ಕೊಳ್ಳುವವನ ವೇಷದಲ್ಲಿಯೇ ಬರುತ್ತಾನೆ. ದೇಶದ ಅನೇಕ ಕಡೆ ನಡೆದ ವಂಚನೆಯ ಬಗೆ ಇದು. ಕೊಳ್ಳುವವನು ದರವನ್ನು ಚೌಕಾಶಿ ಮಾಡದೆ ಕೂಡಲೆ ಒಪ್ಪುತ್ತಾನೆ, ವಸ್ತುವನ್ನು ನೋಡಬೇಕೆಂದೂ ಹೇಳುವುದಿಲ್ಲ. ತಾನು ಸೈನ್ಯದಲ್ಲಿರುವೆನೆಂದು ಹೇಳಿ ಗೌರವ ಸಂಪಾದಿಸುತ್ತಾನೆ. "ಹಣ ಕಳಿಸುತ್ತೇನೆ, ಈ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ನಿಮ್ಮ ಪಿನ್ ಒತ್ತಿರಿ" ಎನ್ನುತ್ತಾನೆ. ಒತ್ತಿದೊಡನೆ ಹಣ ಬರುವ ಬದಲು ಹೋಗುತ್ತದೆ.

ಆದುದರಿಂದ ಮನೆಯವರೆಲ್ಲರೂ, ಮುಖ್ಯವಾಗಿ ವಯಸ್ಸಾದವರು, ಈ ನಾಲ್ಕು ಮಾತುಗಳನ್ನು ಕಂಠಪಾಠ ಮಾಡಿಕೊಳ್ಳಬೇಕು. ಹಣ ಪಡೆಯಲು ಪಿನ್ ಎಂದಿಗೂ ಬೇಕಾಗುವುದಿಲ್ಲ. ಪಿನ್ ಕೇಳಿದರೆ ಅದು ಹಣ ಹೋಗುವ ದಾರಿಯೇ ಸರಿ. ಹಣ ಜಮಾ ಆಯಿತೆಂಬ ಸಂದೇಶವನ್ನು ನಂಬದೆ ಬ್ಯಾಂಕಿನ ಖಾತೆಯನ್ನೇ ತೆರೆದು ನೋಡಬೇಕು. ಅತಿ ಅವಸರ ಮಾಡುವ, ಅತಿ ಸುಲಭವಾಗಿ ಒಪ್ಪುವ ಕೊಳ್ಳುವವನನ್ನು ಕಂಡು ಹರ್ಷಪಡದೆ ಎಚ್ಚರಗೊಳ್ಳಬೇಕು. ಸಾಚಾ ಗಿರಾಕಿಯು ನೋಡುತ್ತಾನೆ, ಕೇಳುತ್ತಾನೆ, ಚೌಕಾಶಿ ಮಾಡುತ್ತಾನೆ. ಮೋಸವಾದುದೇ ಆದರೆ ಲಜ್ಜೆಯಿಂದ ಮುಚ್ಚಿಡದೆ ಕೂಡಲೆ 1930 ಎಂಬ ಸಂಖ್ಯೆಗೆ ದೂರವಾಣಿ ಮಾಡಬೇಕು. ಸೈಬರ್ ವಂಚನೆಗೆ ಅದು ಸರ್ಕಾರದ ಸಹಾಯವಾಣಿ. ತಡಮಾಡಿದಷ್ಟೂ ಹಣ ಮರಳುವ ಸಾಧ್ಯತೆ ಕುಗ್ಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಕಠಿಣವಾದ ಪ್ರಶ್ನೆ ಉಳಿಯುತ್ತದೆ. ಹಳೆಯ ಪೇಟೆಯಲ್ಲಿ "ಹೆಸರು" ಎಂಬುದು ಯಾವುದರಿಂದ ಬರುತ್ತಿತ್ತು? ನಡತೆಯಿಂದ ಬರುತ್ತಿತ್ತು, ನಿಜ. ಆದರೆ ಬಹಳ ಸಲ ಮನೆತನದಿಂದಲೂ ಬರುತ್ತಿತ್ತು. "ಅವರು ನಮ್ಮವರು" ಎಂಬ ಒಂದೇ ಮಾತಿನ ಮೇಲೆ ಉದ್ರಿ ಸಿಗುತ್ತಿತ್ತು. ನಮ್ಮವರಲ್ಲದ ಪ್ರಾಮಾಣಿಕನಿಗೆ ರೋಖವೇ ಗತಿ. ಅಮೆರಿಕದ ಹರಾಜಿನಲ್ಲಿ ಸೊನ್ನೆ ಅಂಕದ ಹೊಸಬನನ್ನು ಬಾಗಿಲಲ್ಲಿ ನಿಲ್ಲಿಸಿದಂತೆ, ನಮ್ಮ ಪೇಟೆಯು ಹೆಸರಿಲ್ಲದ ಕುಲದ ತರುಣನನ್ನು ನಿಲ್ಲಿಸುತ್ತಿತ್ತು. ಆದರೆ ಅಲ್ಲಿನವನು ಹತ್ತು ಸಣ್ಣ ವಸ್ತುಗಳನ್ನು ಕೊಂಡು, ಸಮಯಕ್ಕೆ ಹಣ ಕೊಟ್ಟು, ಹಳದಿ ನಕ್ಷತ್ರವನ್ನು ಗಳಿಸಬಹುದಾಗಿತ್ತು. ಹುಟ್ಟಿನಿಂದ ಬರುವ ಹೆಸರನ್ನು ಯಾರು ಹೇಗೆ ಗಳಿಸಬೇಕು?

ಮಧ್ಯಯುಗದ ಕರ್ನಾಟಕದಲ್ಲಿ ಐಹೊಳೆಯ ಐನೂರ್ವರೆಂಬ ವರ್ತಕರ ಸಂಘ ಪ್ರಸಿದ್ಧವಾಗಿತ್ತು. ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಹೆಸರಿದೆ. ಕಡಲಾಚೆಯ ಅಪರಿಚಿತನು ಅವರೊಡನೆ ವ್ಯವಹರಿಸುವಾಗ ಒಬ್ಬ ವ್ಯಕ್ತಿಯನ್ನು ನಂಬುತ್ತಿರಲಿಲ್ಲ, ಸಂಘದ ಹೆಸರನ್ನು ನಂಬುತ್ತಿದ್ದನು. ಸಂಘದ ಹೆಸರಿನಲ್ಲಿ ಅಷ್ಟು ಬಲವಿದೆ. ಆದರೆ ಸಂಘದ ಹೆಸರು ಒಳಗಿನವರಿಗೆ ಕೊಡೆಯಾದರೆ ಹೊರಗಿನವರಿಗೆ ಗೋಡೆಯಾಗುವುದೂ ಉಂಟು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗರ ಚೌಡಯ್ಯನೂ ಮಡಿವಾಳ ಮಾಚಯ್ಯನೂ ಗೌರವಕ್ಕೆ ಪಾತ್ರರಾದುದು ಹುಟ್ಟಿನ ಬಲದಿಂದಲ್ಲ, ಕಾಯಕದ ಬಲದಿಂದ ಎಂದು ನಾವು ಜಯಂತಿಗಳಲ್ಲಿ ಭಾಷಣ ಮಾಡುತ್ತೇವೆ. ಆ ಮಾತು ಪೇಟೆಯ ಗಾದಿಯ ಮೇಲೂ ಸಲ್ಲಬೇಕಲ್ಲವೆ? ಉದ್ರಿ ಕೊಡುವಾಗ ಕುಲವನ್ನು ಕೇಳದೆ ಕಿರ್ದಿಯನ್ನು ನೋಡುವವನೇ ಆ ತತ್ತ್ವವನ್ನು ನಡೆಸಿದವನು. ಹೊಸಬನಿಗೆ ಸಣ್ಣ ವ್ಯವಹಾರವನ್ನು ಕೊಟ್ಟು ನೋಡಿ. ಸರಿಯಾಗಿ ನಡೆದುಕೊಂಡರೆ ದೊಡ್ಡದನ್ನು ಕೊಡಿ. ಮೋಸದಿಂದ ಉಳಿಯಲೂ, ಅನ್ಯಾಯದಿಂದ ಉಳಿಯಲೂ ಇದಕ್ಕಿಂತ ಹಿತವಾದ ದಾರಿ ನನಗೆ ಕಾಣದು.

ಕೊನೆಗೆ ಒಂದು ಮಾತು. ನಾವೆಲ್ಲರೂ ದಿನಂಪ್ರತಿ ಕೊಳ್ಳುವವರೇ ಆಗಿದ್ದೇವೆ. ನಮ್ಮ ಮೇಲೆಯೂ ಒಂದು ಕಿರ್ದಿ ನಡೆಯುತ್ತಿದೆ. ಕ್ಯಾಶ್ ಆನ್ ಡೆಲಿವರಿ ಎಂದು ತರಿಸಿಕೊಂಡ ಪೊಟ್ಟಣವನ್ನು ಮನಸ್ಸು ಬದಲಾಯಿತೆಂದು ಬಾಗಿಲಿನಿಂದಲೇ ಹಿಂದಿರುಗಿಸುವಾಗ, ಹೋಗಿ ಬಂದ ಸಾಗಾಣಿಕೆಯ ಖರ್ಚು ಸಾಮಾನ್ಯವಾಗಿ ಯಾರೋ ಸಣ್ಣ ಮಾರಾಟಗಾರರ ಮೇಲೆ, ಕೆಲವೊಮ್ಮೆ ನೇಕಾರರ ಮನೆಯ ಮೇಲೆಯೇ ಬೀಳುತ್ತದೆ ಎಂಬುದನ್ನು ನೆನೆಯುತ್ತೇವೆಯೆ? ದರ್ಜಿಯವನಿಗೆ "ನಾಳೆ ಬಾ" ಎಂದು ಮೂರು ಸಲ ಹೇಳುತ್ತೇವೆ. ಕಾಯಿಪಲ್ಯೆ ಮಾರುವ ಅಜ್ಜಿಯೊಡನೆ ಎರಡು ರೂಪಾಯಿಗೆ ಜಗ್ಗಾಡಿ, ದೊಡ್ಡ ಅಂಗಡಿಯಲ್ಲಿ ಬರೆದ ಬೆಲೆಯನ್ನು ಮರುಮಾತಿಲ್ಲದೆ ಕೊಟ್ಟು ಬರುತ್ತೇವೆ. ಆ ಅಜ್ಜಿ ನಕ್ಷತ್ರ ಕೊಡಲಾರಳು, ಅಭಿಪ್ರಾಯ ಬರೆಯಲಾರಳು. ಆದರೆ ಓಣಿಯಲ್ಲಿ ಯಾವ ಮನೆಯ ಮುಂದೆ ಬುಟ್ಟಿ ಇಳಿಸಬೇಕು, ಯಾವ ಮನೆಯನ್ನು ಕೂಗದೆ ದಾಟಿ ಹೋಗಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಅವಳು ನಮ್ಮ ಬಾಗಿಲಲ್ಲಿ ಬುಟ್ಟಿ ಇಳಿಸುವಳೋ ಇಲ್ಲವೋ ಎಂಬುದನ್ನು ನಾವು ಇಂದೇ ಗಮನಿಸಿ ನೋಡೋಣ.